ನಾಲ್ಕನೇ ಕಿಟಕಿ

ದೆಬ್ರೆತ್ಸೆನ್ನಿನ ಈ ವಿಶ್ವವಿದ್ಯಾಲಯದಲ್ಲಿ
ಹೊರನಾಡ ಮಕ್ಕಳ ಕಿಟಕಿ ನನ್ನದು, ನಾಲ್ಕನೆಯದು.
ಹತ್ತೊಂಬತ್ತು ವರ್ಷ.
ಗಾಜಿನಲ್ಲಿ ಅಂಗೈಯಗಲ ಒಂದು ತೂತು.
ಅದರಲ್ಲಿ ಪಾಸ್‌ಪೋರ್ಟು ಬರುತ್ತದೆ, ಮುದ್ರೆ ಹೋಗುತ್ತದೆ.
ಮುಖ ಬರುವುದಿಲ್ಲ.

ಸೆಪ್ಟೆಂಬರಿನಲ್ಲಿ ಎಲ್ಲರೂ ಒಟ್ಟಿಗೆ:
ಟ್ರಾಮಿನ ಟಿಕೆಟ್ಟಿಗೆ ಮುದ್ರೆ ಬೀಳಬೇಕೆಂದು ತಿಳಿಯದೆ
ದಂಡ ತೆತ್ತು ಬಂದವರು,
ವಿಮೆ ಇದ್ದೂ ಹಲ್ಲುನೋವನ್ನು ಮೂರು ವಾರ ನುಂಗಿದವರು,
ಠೇವಣಿ ತಿಂದ ಮನೆಯೊಡತಿಯ ಹೆಸರೆತ್ತಲು ಹೆದರುವವರು.
ಎಲ್ಲರಿಗೂ ನಾನು ಹೇಳುವುದು ಒಂದೇ ಇಂಗ್ಲಿಷ್ ವಾಕ್ಯ,
ನನಗೂ ಅವರಿಗೂ ಅದು ಪರಭಾಷೆ:
ಅಲ್ಲಿ ಫಾರಂ ಇದೆ, ತುಂಬಿ ತನ್ನಿ.

ತ್ರಿಯೋನೊ ಬಂದದ್ದು ಜಾವಾದ ಬೆಟ್ಟದೂರಿನಿಂದ,
ನೀರು ಶುದ್ಧ ಮಾಡುವುದನ್ನು ಓದಲು.
ಅವನಿಗಿರುವುದು ಒಂದೇ ಹೆಸರು.
ನಮ್ಮ ಕಂಪ್ಯೂಟರಿಗೆ ಎರಡು ಬೇಕು.
ಖಾಲಿ ಬಿಟ್ಟರೆ ಕೆಂಪಗಾಗುತ್ತದೆ,
ಗೆರೆ ಎಳೆದರೆ ಗದರುತ್ತದೆ.
ಕೊನೆಗೆ ಅದನ್ನೇ ಎರಡು ಸಲ ಒತ್ತಿದೆ:
ತ್ರಿಯೋನೊ ತ್ರಿಯೋನೊ.
"ಹಾಗಾದರೆ ಹಾಸ್ಟೆಲ್ ಬಾಡಿಗೆ ಇಬ್ಬರದೋ?" ಎಂದ.
ಆ ತೂತಿನಲ್ಲಿ ತೂರಿ ಬಂದ ಮೊದಲ ನಗು ಅದೆಂದರೆ
ಸುಳ್ಳಾದೀತು. ಆದರೂ ನೆನಪಿದೆ.

ಜನವರಿಯಲ್ಲಿ ಮತ್ತೆ ಬಂದ.
ಅಪ್ಪ ಹೋದರು, ಸೋಮವಾರ,
ಬಸ್ಸು ತೊಳೆಯುತ್ತಿದ್ದವರು ಅಲ್ಲೇ ಕುಸಿದರು.
ಮುಂದಿನ ಬುಧವಾರ ಪರೀಕ್ಷೆ; ಮುಂದೂಡಬಹುದೇ?
ಮರಣ ಪ್ರಮಾಣಪತ್ರ, ಹಂಗೇರಿಯನ್ ಅನುವಾದ, ನೋಟರಿಯ ಸಹಿ...
ನನ್ನ ಬಾಯಿ ತಾನಾಗಿ ಹೇಳಿಕೊಂಡು ಹೋಯಿತು,
ಹಿಡಿಯುವಷ್ಟರಲ್ಲಿ ಮುಗಿದಿತ್ತು.

ಅವನು ಮೊಬೈಲನ್ನು ತೂತಿನೊಳಗೆ ತಳ್ಳಿದ.
ಹಸಿ ಮಣ್ಣು, ಮೇಲೆ ಚೆಲ್ಲಿದ ಹೂವಿನೆಸಳು,
ಸುತ್ತ ನಿಂತವರ ಪಾದಗಳು.
ಪಾದಗಳಿಗೆಲ್ಲಿಯ ನೋಟರಿ.
"ನಮ್ಮಲ್ಲಿ ಏಳು ರಾತ್ರಿ ನೆರೆಯವರು ಬಂದು ಕೂರುತ್ತಾರೆ,
ಚಾಪೆ ಹಾಸುತ್ತೇವೆ, ಓದುತ್ತಾರೆ, ಚಹಾ ಕುಡಿಯುತ್ತಾರೆ.
ಅದೇ ನಮ್ಮ ಪತ್ರ."
ತಡೆದು ಕೇಳಿದ:
"ಇಲ್ಲಿ ಬಂದು ಕೂರಿ ಅನ್ನಲು ಯಾವ ಕಿಟಕಿ?"

ಹುಡುಕಿದೆ. ಆಪ್ತಸಲಹೆ ಇದೆ, ಸರದಿ ಮಾರ್ಚಿಗೆ.
ಈಜುಕೊಳ ಇದೆ. ಬಾಡಿಗೆಗೆ ಸೈಕಲ್ಲಿದೆ.
ಕೆಲಸದ ಅರ್ಜಿ ತಿದ್ದಿಕೊಡುವವರಿದ್ದಾರೆ.
ಕೂರಲು ಫಾರಂ ಇಲ್ಲ.

ನನ್ನ ಅಮ್ಮನ ಮಣ್ಣಿಗೆ ಆರು ಜನ, ಇಪ್ಪತ್ತು ನಿಮಿಷ.
ಎಲ್ಲರಿಗೂ ಟ್ರಾಮು ಹಿಡಿಯುವುದಿತ್ತು.
ಇದನ್ನು ಅವನಿಗೆ ಹೇಳಲಿಲ್ಲ.

ಏಳನೆಯ ರಾತ್ರಿ
ಹಾಸ್ಟೆಲಿನ ನೆಲಮಾಳಿಗೆಯ ಅಡುಗೆಮನೆಗೆ ಹೋದೆ,
ಒಂದು ಡಬ್ಬಿ ಪೊಗಾಚಾ ಹಿಡಿದು,
ಹಂದಿಕೊಬ್ಬು ಬಿಟ್ಟು ಬೆಣ್ಣೆಯಲ್ಲಿ ಕಲಸಿ ಸುಟ್ಟದ್ದು.
ಚಾಪೆಗೆ ಬದಲು ಯಾರದೋ ಯೋಗದ ಮ್ಯಾಟು.
ಜೋರ್ಡಾನಿನ ಲೈಥ್ ಓದುತ್ತಿದ್ದ,
ಮಂಗೋಲಿಯಾದ ನೊಮಿನ್ ಅರ್ಥವಾಗದೆಯೂ ತಲೆ ಬಾಗಿಸಿದ್ದಳು,
ಚೆಬೆಟ್, ಕೆನ್ಯಾದವಳು, ಏನು ಮಾಡಲೂ ತೋಚದೆ
ಚಹಾಕ್ಕೆ ಮೂರನೇ ಸಲ ಸಕ್ಕರೆ ಸುರಿಯುತ್ತಿದ್ದಳು.
ಹತ್ತಕ್ಕೆ ದೀಪ ಆರಿಸಿ ಬೈಯುವ ಕಾವಲಿನ ಬೋಲ್ಡಿಝಾರ್
ಟೋಪಿ ತೊಡೆಯ ಮೇಲಿಟ್ಟು ಮೂಲೆಯಲ್ಲಿದ್ದ.
ಗಂಟೆ ಹತ್ತೂವರೆ.
ಗಾಜಿಲ್ಲದಾಗ ಮುಖಗಳು ಎಷ್ಟು ದೊಡ್ಡವು!
ಮೊಣಕಾಲು ನೋಯುತ್ತಿತ್ತು. ಕೂತೆ.

ಮರುದಿನ ಒಂದು ಹಾಳೆಯಲ್ಲಿ ಕೂತವರೆಲ್ಲರ ಸಹಿ,
ಐದನೆಯದು ನನ್ನದು, ಪಿರೋಷ್ಕಾ ಎಂದು;
ಮುದ್ರೆಯೊತ್ತಿ ಮೇಲಿನವರಿಗೆ ಕಳಿಸಿದೆ.
ಊಟದ ಹೊತ್ತಿಗೆ ಉತ್ತರ ಬಂತು:
ಈ ದಾಖಲೆ ಪಟ್ಟಿಯಲ್ಲಿಲ್ಲ.
ಬುಧವಾರ ಅವನು ಬರೆದ. ಫೇಲಾದ.
ಮರುಪರೀಕ್ಷೆಯ ಶುಲ್ಕದ ರಸೀದಿಗೆ
ಮುದ್ರೆ ಒತ್ತಿದವಳೂ ನಾನೇ.

ಮೊನ್ನೆ ಡಬ್ಬಿ ಹಿಂದಿರುಗಿಸಲು ಬಂದ.
ಖಾಲಿ ಕೊಡಬಾರದಂತೆ;
ಒಳಗೆ ಹುರಿದ ಕಡಲೆಕಾಯಿ, ಇನ್ನೂ ಬೆಚ್ಚಗೆ.
ತೂತಿನಲ್ಲಿ ಡಬ್ಬಿ ತೂರಲಿಲ್ಲ.
ಅಡ್ಡ ಹಿಡಿದ, ಉದ್ದ ಹಿಡಿದ.
ಕೊನೆಗೆ ನಾನೆದ್ದು ಪಕ್ಕದ ಬಾಗಿಲು ತೆಗೆಯಬೇಕಾಯಿತು.
ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.
ಅಲ್ಲೊಂದು ಬಾಗಿಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ.
ಹಿಡಿ ತುಕ್ಕು ಹಿಡಿದಿತ್ತು.