ಮೂಲಕ್ಕೆ ನಿಷ್ಠೆ

ಉಪ್ಪಳದ ಶಾಲೆಯಲ್ಲಿ ಕಿಟಕಿಗೆ ಟಾರ್ಪಾಲು ಕಟ್ಟಿ
ನನ್ನ ಕತೆಯ ಸಿನಿಮಾ ತೋರಿಸಿದರು.
ಮಾತು ಕನ್ನಡ, ಕೆಳಗೆ ಮಲಯಾಳದ ಅಕ್ಷರ,
ನೋಡುವವರ ಪಿಸುಪಿಸು ತುಳು.

ಮಗ ದೋಣಿಯಿಂದ ಬಾರದ ದಿನ
ತಾಯಿ ಬೀಡಿಯ ತಡ್ಪೆ ಎದುರು ಕೂತಿದ್ದಾಳೆ.
ಏಳು ನಿಮಿಷ. ಕಟ್ ಇಲ್ಲ.
ನೊಣವೊಂದು ಎಲೆಯ ಮೇಲೆ ನಡೆದುಹೋಯಿತು,
ಅದಕ್ಕೂ ಯಾರೋ ಹೇಳಿಕೊಟ್ಟ ಹಾಗೆ.

ಲೈಟು ಹಾಕಿದ ಮೇಲೆ ಲಿಂಗಪ್ಪ ಮಾಸ್ಟ್ರು ಎದ್ದರು:
'ಇಲ್ಲಿ ಕಾಲವೇ ಪಾತ್ರ.'
'ಕತೆಯಲ್ಲಿದ್ದ ನಗು ಎಲ್ಲಿ ಮಾರಾಯ್ರೆ?' ಅಂದ ಬಾಬು ಬೆಳ್ಚಪ್ಪಾಡ.
ಮೂಲಕ್ಕೆ ನಿಷ್ಠೆ ಅಂತ ಇನ್ಯಾರೋ.
ನಾನು ತಲೆ ತಗ್ಗಿಸಿಯೇ ಹೆಮ್ಮೆಪಟ್ಟೆ.

ಆಗ ಹಿಂದಿನ ಬೆಂಚಿನಿಂದ ಕುಂಞಲೀಮ,
ಬ್ರಾಂಚಿಗೆ ಬೀಡಿ ಕೊಟ್ಟು ನೇರ ಬಂದವಳು:
'ಅವಳ ಕೈ ಯಾಕೆ ಸುಮ್ಮನಿತ್ತು?
ನನ್ನವ ಹೋದ ದಿನ ನಾನು ಎಂಟುನೂರು ಕಟ್ಟಿದ್ದೆ.
ಕೈ ನಿಂತರಲ್ಲವಾ ಗೊತ್ತಾಗುವುದು.'

ನಿರ್ದೇಶಕರು ನನ್ನ ಕಡೆ ನೋಡಿದರು.
ಅವರದ್ದೇನೂ ತಪ್ಪಿಲ್ಲ.
ನಲವತ್ತೊಂದನೇ ಪುಟ, ವಾಕ್ಯ ನನ್ನದೇ:
'ಅವಳ ಕೈ ಮಡಿಲಲ್ಲಿ ಸತ್ತು ಬಿದ್ದಿತ್ತು.'
ಓದಲು ಚೆನ್ನಾಗಿರುತ್ತದೆ ಅಂತ ಬರೆದದ್ದು,
ಅವಳ ಮನೆಯಿಂದ ಮೂರೇ ಮನೆ ಆಚೆ ಕೂತು.