ಯಾರ ಹೆಬ್ಬೆಟ್ಟು

ಬೀದರಿನ ಮಂಗಲಪೇಟೆ, ಚರ್ಚಿನ ಹಿಂದೆ,
ಹಿಟ್ಟಿನ ಗಿರಣಿ ದಾಟಿದರೆ ಐದೇ ಮೇಜಿನ ಹೋಟೆಲು.
ಬೋರ್ಡಿನ ಮೇಲೆ ಹಡಗಿನ ಚಿತ್ರ.
ಈ ಊರಿನಲ್ಲಿ ಹಡಗು ಕಂಡವರು ಯಾರು?
ಪೇಂಟರು ಅದಕ್ಕೆ ಬಸ್ಸಿನ ಕಿಟಕಿ ಬರೆದಿದ್ದಾನೆ.

ಪ್ರಯಾಗಬಾಯಿ ಅತ್ತೆಗೆ ಕಣ್ಣಿನ ಆಪರೇಷನ್ ಆಗಿ ನಾಲ್ಕು ದಿನ.
ಒಲೆಯ ಮುಂದೆ ಬಾಗಬಾರದು, ಹೊಗೆ ತಾಕಬಾರದು.
ನನಗೋ ನವೆಂಬರ್; ಖಜಾನೆಯ ಕಿಟಕಿಗೆ
ಬದುಕಿದ್ದೇವೆಂದು ಹೇಳಲು ಬರುವ ಪಿಂಚಣಿಯವರ ಸಾಲು.
ನಡುಗುವ ಹೆಬ್ಬೆಟ್ಟುಗಳನ್ನು ಹಿಡಿದು ಹಿಡಿದು
ಶಾಯಿಗೆ ಒತ್ತಿ, ಕಾಗದಕ್ಕೆ ಒತ್ತಿ,
ಸಂಜೆಗೆ ನನ್ನ ಬೆರಳೂ ನೀಲಿ.
ರೊಟ್ಟಿ ಬಡಿಯಲು ಆಗುವುದಿಲ್ಲ ಎಂದೆ.
"ಹಂಗಾದ್ರ ನಡಿ, ಎಲ್ಯಾರ ಉಂಡು ಬರಾಮು"
ಎಂದರು ಅತ್ತೆ, ಕರಿ ಕನ್ನಡಕ ಏರಿಸಿ.

ನತಾನಿಯೇಲ್ ತಾನೇ ಬಂದು ಕುರ್ಚಿ ಎಳೆದ.
ಮೆನು ಇಲ್ಲ. "ಇವತ್ತ ಮೂರು ಐಟಂ ಅದಾವ್ರಿ"
ಎನ್ನುತ್ತ ಎನ್ನುತ್ತ ಕಥೆಗೆ ಬಿದ್ದ:
ಹದಿನಾಲ್ಕು ವರ್ಷ ನೀರಿನ ಮೇಲೆ ಅಡುಗೆ,
ಉದ್ದನೆಯ ಶಾವಿಗೆ ಮುರಿದು ಹಾಕಿದ್ದಕ್ಕೆ
ನೇಪಲ್ಸಿನ ಹಿರಿಯ ಬಾಣಸಿಗ
ಸೌಟಿನಿಂದ ಮಣಿಕಟ್ಟಿಗೆ ಕೊಟ್ಟದ್ದು;
ಊರಿಗೆ ಬಂದು ಕಟ್ಟಿದ ಮೊದಲ ಭಟ್ಟಿ,
ಶಹಾಬಾದ್ ಕಲ್ಲಿನದು, ಬೆಂಕಿ ಹಚ್ಚಿ ಅರ್ಧ ತಾಸಿಗೆ
ಒಳಗೇ ದೀಪಾವಳಿ, ಕಿಟಕಿಯ ಗಾಜಿಗೆಲ್ಲ ಚೂರು.
"ಬೆಂಕಿಗಿ ನಮ್ಮ ಕೆಂಪು ಮಣ್ಣೇ ಬೇಕು ತಮ್ಮಾ"
ಎಂದನಂತೆ ಗೌಂಡಿ ಮಹಬೂಬಸಾಬ್,
ಮೊದಲೇ ಯಾಕೆ ಹೇಳಲಿಲ್ಲವೋ.

ಪಕ್ಕದ ಮೇಜಿಗೆ ವಾಯುಪಡೆಯ ಹುಡುಗರು ನಾಲ್ವರು,
ಕೂದಲು ಸಣ್ಣ, ಹಸಿವು ದೊಡ್ಡದು.
ಹಿಂದಿಯಲ್ಲಿ ಸಾಸು ಕೇಳಿದರು.
"ಬಾಟ್ಲಿ ಸಾಸ್ ಇಡಂಗಿಲ್ಲ"
ಎಂದು ಕನ್ನಡದಲ್ಲೇ ಹೇಳಿ ಒಳಗೆ ಹೋದ.

ತಟ್ಟೆ ಬಂತು.
ಟೊಮ್ಯಾಟೊ, ಬೆಳ್ಳುಳ್ಳಿ, ಮೇಲೆ ಕಾಮಕಸ್ತೂರಿ.
ನಮ್ಮಜ್ಜಿಯ ತುರುಬಿನಲ್ಲಿ ಇರುತ್ತಿದ್ದ ಎಲೆ
ಇಲ್ಲಿ ಉಣ್ಣಲು ಬಂದಿತ್ತು.
ನಾನು ಚಮಚ ಹಿಡಿದೆ. ಅತ್ತೆ ಹಿಡಿಯಲಿಲ್ಲ.
ಎರಡು ಬೆರಳಲ್ಲಿ ಒಂದನ್ನು ಎತ್ತಿ, ತಿರುಗಿಸಿ,
ಬೆನ್ನಿನ ಗೆರೆ ಸವರಿ,
ಹೊಟ್ಟೆಯ ತಗ್ಗಿಗೆ ಉಗುರಿಟ್ಟು ನೋಡಿ
ಒಬ್ಬರೇ ನಕ್ಕರು.
"ಇದು ಮಾಲತಿ ಅಲ್ಲೇನ?"

ಭಾಲ್ಕಿಯ ಅವರ ಅಂಗಳದಲ್ಲಿ
ಮದುವೆ ಗೊತ್ತಾದರೆ ಸಾಕು, ಹೊಸ ಹಣಗಿ ತರಿಸಿ
ಹೆಂಗಸರೆಲ್ಲ ಗೋಧಿಹಿಟ್ಟು ಒತ್ತಲು ಕೂಡುತ್ತಿದ್ದರಂತೆ:
ಗವಲಿ, ನಖುಲಿ, ಮಾಲತಿ.
ಒಣಗಿಸಿದ ಸೀರೆಯ ಮೇಲೆ ಕೋಳಿ ನಡೆದು
ಒಮ್ಮೆ ಬೀಗರ ಮುಂದೆ ಮಾನ ಹೋದದ್ದು.
"ಹಾಲು ಬೆಲ್ಲಕ್ಕ ಹಾಕೂದು ಬಿಟ್ಟು
ಹುಳಿಗಿ ಯಾರು ಹಾಕ್ತಾರ ಇದನ್ನ?"
ಅಷ್ಟರಲ್ಲಿ ಅರ್ಧ ತಟ್ಟೆ ಮುಗಿದಿತ್ತು.

ನತಾನಿಯೇಲ್ ಕೈ ಒರೆಸುತ್ತ ಬಂದು ಅದರ ಹೆಸರು ಹೇಳಿದ,
ಆ ದೇಶದವರು ಹೇಳುವ ಹಾಗೆ, ಕೊನೆಗೆ ರಾಗ ಎಳೆದು.
"ಹೆಸರು ಇರ್ಲಿ. ಹೆಬ್ಬಟ್ಟು ಯಾರದು?"
ಎಂದರು ಅತ್ತೆ.

ಅರೆಗಳಿಗೆ ಸುಮ್ಮನಾದ.
ಹದಿನಾಲ್ಕು ವರ್ಷದ ಕಡಲು ತುಸು ಹಿಂದೆ ಸರಿಯಿತು.
"ಸುಗುಣಾ" ಎಂದು ಕೂಗಿದ.

ಪರದೆ ಸರಿಸಿ ಬಂದಳು, ಮೊಣಕೈವರೆಗೆ ಹಿಟ್ಟು,
ಉಪ್ಪು ಹೆಚ್ಚಾಯಿತೇನೋ ಎಂಬ ಮುಖ.
ಅತ್ತೆ ಅವಳ ಕೈ ತಡಕಿ ಹೆಬ್ಬೆಟ್ಟು ಹುಡುಕಿದರು,
ಒಂದೇ ಬದಿಗೆ ಸವೆದ ಉಗುರು,
ತಮ್ಮದರ ಪಕ್ಕಕ್ಕೆ ಇಟ್ಟುಕೊಂಡರು.
ದಿನವಿಡೀ ಹೆಬ್ಬೆಟ್ಟು ಹಿಡಿಯುವ ನಾನು
ಒಂದನ್ನೂ ಹಾಗೆ ಹಿಡಿದಿರಲಿಲ್ಲ.
"ಮುಂಜಾನಿಂದ ಎಷ್ಟು ಒತ್ತೀದಿ?"
"ಎಣಿಸಿಲ್ರಿ."

ಬಿಲ್ಲು ಮುನ್ನೂರಾ ಅರವತ್ತು.
ಇಪ್ಪತ್ತು ಬಿಡುತ್ತೇನೆ ಎಂದ, ಅತ್ತೆ ಬಿಡಿಸಿಕೊಳ್ಳಲಿಲ್ಲ.
ಹುಡುಗರು ಸಾಸಿಲ್ಲದೆಯೇ ಮೂರನೇ ತಟ್ಟೆಗೆ ಬಂದಿದ್ದರು.

ಆಟೋದಲ್ಲಿ ಬಹಳ ಹೊತ್ತು ಮಾತಿಲ್ಲ.
ಚೌಬಾರಾ ಸುತ್ತಿ ತಿರುಗುವಾಗ ಅತ್ತೆ ಅಂದರು:
"ಆಕಿ ಮುಳ್ಳಚಮಚದ ಮ್ಯಾಲ ಒತ್ತತಾಳ.
ಗೆರಿ ದೂರ ದೂರ ಬೀಳತಾವ.
ಶುಕ್ರವಾರ ನನ್ನ ಹಣಗಿ ಒಯ್ದು ಕೊಡಮ."