ಬೋರಲು

ಆರು ಕೊಂಡೆವು, ಮಿಕುಲೊವ್ ಪೇಟೆಯಲ್ಲಿ,
ಮದುವೆಯಾದ ಮೂರನೇ ವಾರ.
ಅಂಗಡಿಯ ಮುದುಕಿ ಒಂದೊಂದನ್ನೂ
ಉಗುರಿನಿಂದ ಮೀಟಿ ನನ್ನ ಕಿವಿಗೆ ಹಿಡಿದಳು:
ಕೇಳು, ಬಿರುಕಿದ್ದರೆ ಕೆಮ್ಮುತ್ತದೆ.
ಆರರಲ್ಲಿ ಒಂದೂ ಕೆಮ್ಮಲಿಲ್ಲ.

ಅಂಚು ತೆಳು, ತುಟಿಗೆ ತಾಕಿದ್ದೇ ತಿಳಿಯದು.
ಹೊಟ್ಟೆ ಅಗಲ, ಬಾಯಿ ಕಿರಿದು,
ಒಳಗಿನ ಕಂಪು ಎದ್ದು ಹೋಗದ ಹಾಗೆ
ಕದ ಓರೆ ಮಾಡಿಟ್ಟ ಮನೆ.
ಕಾಲು ಮಾತ್ರ ಕಡ್ಡಿ.
ಕಾಲು ಹಿಡಿದೇ ಎತ್ತಬೇಕಂತೆ,
ಅಂಗೈ ಬಿಸಿ ವೈನಿಗೆ ತಾಗಬಾರದಂತೆ.

ಮಾವ ಓಲ್ದ್ರಿಖ್ ನಕ್ಕುಬಿಟ್ಟ.
ನೆಲಮಾಳಿಗೆಯ ಪೀಪಾಯಿಗಳ ನಡುವೆ ನಲವತ್ತು ವರ್ಷ
ಸಾಸಿವೆ ತೀರಿದ ಜಾಡಿಯಲ್ಲೇ ಕುಡಿದವನು.
‘ಕಾಲು ಹಿಡಿಸಿಕೊಳ್ಳಲು ಇದೇನು ಬಿಷಪ್ಪೇ?’

ನಾನೋ, ಧೂಳು ಬೀಳದಿರಲೆಂದು
ಆರನ್ನೂ ಕಪಾಟಿನಲ್ಲಿ ಬೋರಲು ಹಾಕಿ
ದಿನಕ್ಕೆರಡು ಸಲ ಬಾಗಿಲು ತೆರೆದು ನೋಡುತ್ತಿದ್ದೆ.

ನವೆಂಬರಿನಲ್ಲಿ ಹೊಸ ವೈನು ಬಂತು, ಮಾವನೂ ಬಂದ.
ಬಗ್ಗಿಸಲು ಹೋದರೆ ಕೈ ಅಡ್ಡ ಹಿಡಿದು
ಖಾಲಿ ಗ್ಲಾಸಿಗೇ ಮೂಗು ತೂರಿಸಿದ.
ಕಣ್ಣು ಮುಚ್ಚಿ ಹೇಳತೊಡಗಿದ:
ಹಳೇ ಹಲಗೆ. ವಾರ್ನಿಶು.
ಎಲ್ಲೋ ಒಂದು ನುಸಿಗುಳಿಗೆ.
‘ಬೋರಲು ಹಾಕಿದರೆ ತಾಯಿ,
ಗ್ಲಾಸು ಕಪಾಟನ್ನು ಕುಡಿಯುತ್ತೆ.’

ಆಮೇಲೆ ತೋಳು ಮಡಚಿ ತೊಟ್ಟಿಯ ಮುಂದೆ ನಿಂತ.
ಬಿಸಿನೀರು ಸಾಕು, ಸೋಪು ಬೇಡ.
ನೆಂಟರು ಹೋದ ರಾತ್ರಿ ತೊಳೆಯಬೇಡ,
ಕೈಯಲ್ಲಿ ಇನ್ನೂ ನಗು ಇರುತ್ತೆ, ಜಾರುತ್ತೆ.
ನೀರು ತುಂಬಿಸಿಟ್ಟು ಮಲಗು.
ಒರೆಸುವಾಗ ಹೊಟ್ಟೆ ಹಿಡಿದು ಹೊಟ್ಟೆ ಒರೆಸು;
ಒಂದು ಕೈಲಿ ಕಾಲು, ಒಂದು ಕೈಲಿ ಹೊಟ್ಟೆ ಹಿಡಿದು ತಿರುಚಿದೆಯೋ,
ಮುಗೀತು.

ಎಲ್ಲ ಕೇಳಿದ್ದೆ.
ಆದರೂ ಫೆಬ್ರವರಿಯ ಒಂದು ರಾತ್ರಿ
ರಾಡೊವಾನ್‌ನೊಡನೆ ಮಾತಿಗೆ ಮಾತು ಬೆಳೆದು
ಅವನು ಧಡಾರನೆ ಬಾಗಿಲು ಹಾಕಿಕೊಂಡು ಹೋದ ಮೇಲೆ
ಗ್ಲಾಸು ಒರೆಸುತ್ತ ನಿಂತಿದ್ದೆ,
ಒಂದು ಕೈ ಅತ್ತ, ಒಂದು ಕೈ ಇತ್ತ.
ಟಕ್.
ಅಷ್ಟೇ ಸದ್ದು. ಕಾಲು ನನ್ನ ಕೈಯಲ್ಲೇ ಉಳಿಯಿತು.
ಹೆಬ್ಬೆರಳಿಗೆ ಹೊಲಿಗೆ ಎರಡು.

ಭಾನುವಾರ ಮಾವ ಬಂದ.
ಕಪಾಟು ತೆರೆದು ಎಣಿಸಿದ. ಏನೂ ಕೇಳಲಿಲ್ಲ.
ಕೋಟಿನ ಜೇಬಿನಿಂದ ತನ್ನ ಜಾಡಿ ತೆಗೆದು
ಆರನೆಯ ಜಾಗದಲ್ಲಿ ನೆಟ್ಟಗೆ ಇಟ್ಟ.

ಈಗ ಊಟಕ್ಕೆ ಆರು ಜನ ಕೂತರೆ
ಜಾಡಿಗಾಗಿ ಜಗಳ.
ಉಗುರಿನಿಂದ ಮೀಟಿದರೆ ಅದು ಹಾಡುವುದಿಲ್ಲ,
ನೆಗಡಿಯಾದವನ ಹಾಗೆ ‘ಟಪ್’ ಅನ್ನುತ್ತದೆ.
ನಿನ್ನೆ ಯಾರೂ ಇಲ್ಲದಾಗ
ಮೂಗು ತೂರಿಸಿ ನೋಡಿದೆ:
ನಲವತ್ತು ವರ್ಷದ ವೈನು ಎಲ್ಲಿ ಹೋಯಿತೋ,
ಆಣೆಗೂ, ಇನ್ನೂ ಸಾಸಿವೆ.